ಹಳೆಯ ವಿಂಚೆಸ್ಟರ್ 1885 ಸಿಂಗಲ್ ಶಾಟ್ (ಒಂದು ಸಲಕ್ಕೆ ಒಂದೇ ತೋಟಾ ತುಂಬುವ) ರೈಫಲ್‌ಗೆ ಎಂಥ ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಬೇಕು, ಹೇಗೆ ಕೂರಿಸಬೇಕು?

ರೈಫಲ್ ಅಸಲಿ ಸ್ಥಿತಿಯಲ್ಲೇ ಇದ್ದರೆ ಸ್ಕೋಪ್ ಕೂರಿಸೋಕೆ ಅಂತ ದಯವಿಟ್ಟು ಹೊಸ ತೂತು ಕೊರೆಸಬೇಡಿ. ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು, ಅಮೆರಿಕದ ಸಂಗ್ರಹಕಾರರು ಆಮೇಲೆ ಕೊರೆದ ಒಂದು ತೂತು ಕಂಡರೂ ಬೆಲೆ ಇಳಿಸಿಬಿಡ್ತಾರೆ. ಹಳೆಯ ಮಾಲೀಕರು ಆಗಲೇ ಕೊರೆಸಿದ್ದರೆ ಅದನ್ನೇ ಬಳಸಿ.

ಈಗಿನ ದಪ್ಪ ಸ್ಕೋಪ್ ಇದಕ್ಕೆ ಹೊಂದಲ್ಲ. ನೋಟದ ಮಾತು ಬಿಡಿ, ಕಣ್ಣಿನ ಕಡೆಯ ತುದಿ ಹಿಂದಕ್ಕೆ ಚಾಚಿ ಬಂದೂಕಿನ ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಭಾಗ) ಎಳೆಯುವ ಹೆಬ್ಬೆರಳಿಗೂ ತೋಟಾ ತುಂಬುವ ಕೈಗೂ ಅಡ್ಡ ಬರುತ್ತದೆ. ವಿಲಿಯಂ ಮಾಲ್ಕಮ್ 1855ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಶುರು ಮಾಡಿದ ಬಗೆಯ ಉದ್ದ, ಸಪೂರ ಸ್ಕೋಪ್ ನೋಡಿ. ಅದರ ನಕಲುಗಳು ಈಗಲೂ ಸಿಗುತ್ತವೆ, ಕೆಲವನ್ನು ಗುರಿ ನೋಡುವ ಹಳೆಯ ಸೈಟ್‌ಗಳು ಕೂರುವ ಡವ್‌ಟೇಲ್ ಕಚ್ಚುಗಳಿಗೇ (ತಳ ಅಗಲವಾದ ಸೀಳುಗಳಿಗೇ) ಸಿಕ್ಕಿಸಬಹುದು, ತೂತಿನ ತಂಟೆಯೇ ಇಲ್ಲ.

ಅಮೆರಿಕದ ಉನೆರ್ಟ್ಲ್ ಕಂಪನಿಯ ತರಹದ ಟಾರ್ಗೆಟ್ ಸ್ಕೋಪ್ (ಗುರಿ ಸ್ಪರ್ಧೆಯ ಸ್ಕೋಪ್) ಆದರೆ, ಅದನ್ನು ಹಿಡಿಯಲು ನಳಿಗೆ ಮೇಲೆ ಸ್ಕ್ರೂ ಹಾಕಿ ಕೂರಿಸುವ ಎರಡು ಬ್ಲಾಕ್‌ಗಳ ನಡುವೆ 7.2 ಇಂಚು ಅಂತರ ಇರಲಿ. ಆಗ ಗುರಿ ಹೊಂದಿಸುವ ತಿರುಪಿನ ಒಂದು ಕ್ಲಿಕ್‌ಗೆ 100 ಗಜದಲ್ಲಿ ಗುಂಡು ಸುಮಾರು ಕಾಲು ಇಂಚು ಸರಿಯುತ್ತೆ, ಅಂತರ ಬದಲಾದರೆ ಈ ಲೆಕ್ಕವೂ ಬದಲಾಗುತ್ತೆ. ಸ್ಕ್ರೂ ಉದ್ದ ಜಾಸ್ತಿಯಾದರೆ ನಳಿಗೆಯ ಒಳಭಾಗಕ್ಕೇ ಪೆಟ್ಟು, ಹಾಗಾಗಿ ಈ ಕೆಲಸ ಬಂದೂಕು ರಿಪೇರಿಯವರಿಗೆ ಬಿಡಿ.

ಇನ್ನೊಂದು, ಇಂಥ ಟಾರ್ಗೆಟ್ ಸ್ಕೋಪ್ ಗುಂಡು ಹಾರಿದಾಗ ಮೌಂಟ್‌ನಲ್ಲಿ (ಸ್ಕೋಪ್ ಹಿಡಿಯುವ ಬಳೆಯಲ್ಲಿ) ಮುಂದಕ್ಕೆ ಜಾರುತ್ತದೆ. ಕೆಟ್ಟಿದೆ ಅಂತ ಬಿಗಿ ಮಾಡಬೇಡಿ. ಹಿಂದಕ್ಕೆ ತಳ್ಳುವ ಸ್ಪ್ರಿಂಗ್ ಇಲ್ಲದಿದ್ದರೆ ಪ್ರತಿ ಸಲ ಕೈಯಿಂದ ಎಳೆದುಕೊಳ್ಳಬೇಕು, ಅಷ್ಟೇ.