ಪಟ್ಟಿ ಬೇಡ, ಹದ ನೋಡೋದು ಕಲಿಯಿರಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತೇನೆ. ಅಣ್ಣಿಗೇರಿ ಹತ್ತಿರ ನಮ್ಮದು 2 ಎಕರೆ ಎರೆ (ಕಪ್ಪು ಮಣ್ಣಿನ) ಹೊಲ ಇದೆ, ನೀರಾವರಿ ಇಲ್ಲ. ಇಷ್ಟು ವರ್ಷ ಲಾವಣಿಗೆ (ಗೇಣಿಗೆ) ಕೊಟ್ಟಿದ್ದೆವು. ಈಗ ನಾನೇ ಸಾವಯವದಲ್ಲಿ ಮಾಡಬೇಕೆಂದಿದ್ದೇನೆ. ಯಾವ ತಿಂಗಳು ಯಾವ ಕೆಲಸ, ಒಂದು ಪಟ್ಟಿ ಕೊಡ್ತೀರಾ?

ಉತ್ತರ: ಪಟ್ಟಿ ಕೊಡಬಹುದು. ಆದರೆ ಅದನ್ನೇ ನಂಬಿ ಹೊಲಕ್ಕೆ ಇಳಿದರೆ ಮೊದಲ ವರ್ಷವೇ ಪೆಟ್ಟು ತಿನ್ನುತ್ತೀರಿ. ನಿಮ್ಮೂರಿನ ಹಿರಿಯರು ಜೂನ್ ಅನ್ನುವುದಿಲ್ಲ, ಮಿರಗ (ಮೃಗಶಿರಾ ಮಳೆ) ಅನ್ನುತ್ತಾರೆ, ಅಲ್ವಾ? ನಮ್ಮ ಕಡೆ ಕೆಲಸ ನಡೆಯುವುದು ಮಳೆ ನೋಡಿ.

ಮೊದಲ ವರ್ಷ ಮುಂಗಾರಿ ಬೆಳೆಗೆ ಕೈ ಹಾಕಬೇಡಿ. ಮುಂಗಾರಿಯ ಹೆಸರುಕಾಳು ಎರಡೂವರೆ ತಿಂಗಳ ಬೆಳೆ, ಎಲ್ಲದಕ್ಕೂ ಅವಸರ. ಕಳೆನಾಶಕ ಹೊಡೆಯಲ್ಲ ಅಂದಮೇಲೆ ಎಡೆ ಹೊಡೆಯಬೇಕು (ಸಾಲುಗಳ ನಡುವೆ ಕುಂಟೆ ಎಳೆದು ಕಸ ತೆಗೆಯಬೇಕು), ಜಡಿಮಳೆ ಹಿಡಿದರೆ ಅದೂ ಆಗದು, ಕಸ ಬೆಳೆಯನ್ನೇ ನುಂಗುತ್ತದೆ. ಅದರ ಬದಲು ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ, ಅಂದರೆ 45-50 ದಿನಕ್ಕೆ, ಹಸಿರುಗೊಬ್ಬರವಾಗಿ ಮಣ್ಣಿಗೆ ಸೇರಿಸಿ. ಭಾನುವಾರ ಪಕ್ಕದ ಹೊಲದವರ ಜೊತೆ ಕೆಲಸ ಮಾಡಿ. ಸುಮ್ನೆ ಬದುವಿನ ಮೇಲೆ ನಿಂತು ನೋಡಿದರೆ ಏನೂ ಬರಲ್ಲ.

ಅಲ್ಲಿ ಕಲಿಯಬೇಕಾದದ್ದು ಹದ. ನಾಲ್ಕು ಬೆರಳು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ. ಅಂಗೈಗೆ ಮೆತ್ತಿದರೆ ಹಸಿ ಜಾಸ್ತಿ. ಉಂಡೆಯಾಗಿ, ಸೊಂಟದೆತ್ತರದಿಂದ ಬಿಟ್ಟಾಗ ಒಡೆದರೆ ಹದ. ಉಂಡೆಯೇ ಆಗದಿದ್ದರೆ ತಡವಾಯಿತು ಅಂತ. ನಾನೂ ನೌಕರಿ ಮಾಡುತ್ತಲೇ ಶುರು ಮಾಡಿದವನು. ರಜೆ ಸಿಕ್ಕಿದ್ದು ಅವತ್ತೊಂದೇ ದಿನ ಅಂತ ಹಸಿ ನೆಲದಲ್ಲಿ ಕುಂಟೆ ಹೊಡೆಸಿಬಿಟ್ಟೆ. ಎದ್ದ ಹೆಂಟೆಗಳು ಒಣಗಿ ಇಟ್ಟಿಗೆಯಾದವು, ಮುಂದಿನ ಮಳೆ ಬರುವ ತನಕ ಒಡೆಯಲೇ ಇಲ್ಲ. ಅದಕ್ಕೇ ಹೇಳ್ತೀನಿ, ವರ್ಷದ ರಜೆಯಲ್ಲಿ ಒಂದಿಷ್ಟು ಹಿಂಗಾರಿ ಬಿತ್ತನೆಗೆ, ಶೀಗಿ ಹುಣ್ಣಿಮೆ (ಅಕ್ಟೋಬರ್ ಹೊತ್ತಿನ ಹುಣ್ಣಿಮೆ) ಸುತ್ತಮುತ್ತ ಉಳಿಸಿಕೊಳ್ಳಿ. ಹದ ನಿಮ್ಮ ಭಾನುವಾರಕ್ಕೆ ಕಾಯಲ್ಲ.

ಹಿಂಗಾರಿಗೆ ಕಡಲೆ ಹಾಕಿ. ಅಣ್ಣಿಗೇರಿ-1 ಅಂತ ನಿಮ್ಮೂರಿನ ಹೆಸರಿನದೇ ತಳಿ ಇದೆ, ಸುಮಾರು ನೂರು ದಿನದ್ದು. ಎಕರೆಗೆ 20-25 ಕೆಜಿ ಬೀಜ ಸಾಕು. ಸೊರಗು ರೋಗ ಬರದಂತೆ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಸವರಿ ಬಿತ್ತಿ. ತಿಂಗಳು ದಾಟಿದ ಮೇಲೆ ಕುಡಿ ಚಿವುಟಿ, ಟೊಂಗೆ ಒಡೆಯುತ್ತದೆ, ಮನೆಗೆ ಪಲ್ಯವೂ ಆಗುತ್ತದೆ. ಹೂ ಬಂದಾಗಿನಿಂದ ಕಾಯಿಕೊರಕ ಹುಳದ ಕಾಟ. ಎರಡು ದಿನಕ್ಕೊಮ್ಮೆ ಗಿಡ ಬಗ್ಗಿಸಿ ನೋಡಿ. ಹಕ್ಕಿ ಕೂರಲು ಅಲ್ಲಲ್ಲಿ ಕೋಲು ನೆಟ್ಟಿರಿ, ಹುಳ ಸಣ್ಣದಿರುವಾಗಲೇ 5% ಬೇವಿನ ಬೀಜದ ಕಷಾಯ ಹೊಡೆಯಿರಿ. ದೊಡ್ಡದಾದ ಮೇಲೆ ಹೊಡೆದು ಉಪಯೋಗವಿಲ್ಲ.

ಕಡಲೆ ಕೀಳುವುದು ಮಾತ್ರ ನಸುಕಿನಲ್ಲಿ, ಇಬ್ಬನಿ ಇರುವಾಗ. ಬಿಸಿಲೇರಿದರೆ ಕಾಯಿ ಉದುರುತ್ತವೆ. ಆಳುಗಳಿಗೆ ವಾರ ಮೊದಲೇ ಹೇಳಿಟ್ಟಿರಿ, ಆ ಹೊತ್ತಿಗೆ ಇಡೀ ಊರಿಗೇ ಆಳು ಬೇಕಾಗಿರುತ್ತದೆ.