ಆಂಪ್ಲಿಫೈಯರ್ ಬದಲಿಸುವ ಮುನ್ನ ಸೋಫಾ ಸರಿಸಿ ನೋಡಿ

ನೀವು ಕೇಳಿರುವುದು ಇಷ್ಟು: ಶಿವಮೊಗ್ಗದ ಹೊಸ ಮನೆಯಲ್ಲಿ 12 ಅಡಿ ಅಗಲ, 15 ಅಡಿ ಉದ್ದದ ಹಾಲ್. ಟಿವಿಯ ಎರಡೂ ಬದಿ ಮೂಲೆಗೆ ಸ್ಪೀಕರ್, ಎದುರಿನ ಗೋಡೆಗೆ ಒತ್ತಿದ ಸೋಫಾ. ಭಾವಗೀತೆ ಹಾಕಿದರೆ ತಬಲಾ ಗುಮ್ಮೆನ್ನುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ಒಬ್ಬ ಸ್ನೇಹಿತರು ಕೇಬಲ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ದೊಡ್ಡ ಆಂಪ್ಲಿಫೈಯರ್ ತನ್ನಿ ಎನ್ನುತ್ತಾರೆ, ಮತ್ತೊಬ್ಬರಿಗೆ ಮಂದ್ರ, ತಾರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್ ಇದ್ದರೆ ಸಾಕು. ಯಾರ ಮಾತು ಕೇಳಲಿ?

ಮೊದಲು ಕೋಣೆಯ ಮಾತು ಕೇಳಿ. ಸಾಗರದ ನಮ್ಮ ಹಳೆಯ ಮನೆಗೆ ಹೆಂಚಿನ ಇಳಿಜಾರು ಮಾಡು, ಮರದ ಕಂಬಗಳು, ಮುಂದೆ ತೆರೆದ ಜಗಲಿ. ಧ್ವನಿಗೆ ಹೊರಹೋಗಲು ದಾರಿಯಿತ್ತು. ನಿಮ್ಮದು ಆರ್‌ಸಿಸಿ ಚಾವಣಿ, ವಿಟ್ರಿಫೈಡ್ ಟೈಲ್ಸ್, ನುಣುಪು ಗೋಡೆ. ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಅದರ ಹಿಂದೆಯೇ ಝಣಝಣ ಎಂಬ ಬಾಲ ಕೇಳಿಸಿದರೆ, ಸಾಹಿತ್ಯವನ್ನು ನುಂಗುತ್ತಿರುವುದು ಅದೇ. ನೆಲಕ್ಕೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ. ಸೋಫಾದಲ್ಲಿ ಕೂತು, ಪಕ್ಕದ ಗೋಡೆಯ ಮೇಲೆ ಯಾರಿಂದಲಾದರೂ ಕನ್ನಡಿ ಸರಿಸಿಸಿ. ಕನ್ನಡಿಯಲ್ಲಿ ಸ್ಪೀಕರ್ ಕಾಣುವ ಜಾಗದಲ್ಲಿ ಪುಸ್ತಕದ ಕಪಾಟು ಇಡಿ.

ಗುಮ್ಮೆನ್ನುವುದು ಬೇರೆ ರೋಗ. ಎದುರುಬದುರು ಗೋಡೆಗಳ ನಡುವೆ 12 ಅಡಿ ಇದ್ದರೆ ಸುಮಾರು 47 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 47 ಕಂಪನ, ಅಂದರೆ ತೀರಾ ಮಂದ್ರದಲ್ಲಿ), ಮತ್ತೆ ಅದರ ಇಮ್ಮಡಿ 94ರಲ್ಲಿ, ಧ್ವನಿ ತನ್ನದೇ ಪ್ರತಿಫಲನದೊಂದಿಗೆ ಸೇರಿ ಉಬ್ಬುತ್ತದೆ. 15 ಅಡಿಯ ಕಡೆ ಇದೇ ಆಟ 37ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಉಬ್ಬು ಜೋರಾಗಿರುವುದು ಗೋಡೆಯ ಪಕ್ಕದಲ್ಲಿ ಮತ್ತು ಮೂಲೆಯಲ್ಲಿ. ನೀವು ಸ್ಪೀಕರ್ ಇಟ್ಟಿರುವುದೂ ಅಲ್ಲೇ, ಕೂರುವುದೂ ಅಲ್ಲೇ! ಸ್ಪೀಕರ್‌ಗಳನ್ನು ಮೂಲೆಯಿಂದ ಎರಡಡಿ ಈಚೆ ತನ್ನಿ. ಆಮೇಲೆ ಒಂದೇ ಹಾಡನ್ನು ಹಾಕಿಕೊಂಡು ಸೋಫಾವನ್ನು ಗೇಣುಗೇಣಾಗಿ ಮುಂದೆ ತನ್ನಿ. ಡಗ್ಗಾದ ಪೆಟ್ಟುಗಳು ಒಂದರೊಳಗೊಂದು ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳುವ ಜಾಗವೊಂದು ಸಿಗುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಜನ ಇದನ್ನೇ ಕೊನೆಗೆ ಮಾಡುತ್ತಾರೆ ಎಂಬುದು ನನಗೆ ನಿಜವಾಗಿ ಬೇಸರದ ಸಂಗತಿ. ಗೋಡೆಗೆ ಅಂಟಿಸುವ ಒಂದಿಂಚಿನ ಫೋಮ್ ಇಲ್ಲಿ ಉಪಯೋಗಕ್ಕೆ ಬಾರದು. 47 ಹರ್ಟ್ಜ್ ಅಲೆಯ ಉದ್ದವೇ 24 ಅಡಿ.

ಈಕ್ವಲೈಸರ್ ಹೇಳಿದ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಳತೆಯ ಮೈಕ್ ಮತ್ತು ರೂಮ್ ಈಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶದಿಂದ ಉಬ್ಬು ಎಲ್ಲಿದೆ ಎಂದು ಕಂಡುಕೊಂಡು ಅದನ್ನು ತಗ್ಗಿಸಬಹುದು. ಆದರೆ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಆದ ಹಳ್ಳವನ್ನು ತುಂಬಲಾಗುವುದಿಲ್ಲ. ಎಷ್ಟು ಸುರಿದರೂ ಅಷ್ಟೂ ಅಳಿಸಿಹೋಗುತ್ತದೆ.

ಇನ್ನು ದೊಡ್ಡ ಆಂಪ್ಲಿಫೈಯರ್. 50 ವಾಟ್‌ನಿಂದ 100ಕ್ಕೆ ಹೋದರೆ ಸಿಗುವುದು ಬರೀ 3 ಡೆಸಿಬಲ್, ಕಿವಿಗೆ ತುಸುವೇ ಜೋರು. ನೀವು ಕೇಳುವ ಮಟ್ಟದಲ್ಲಿ ಧ್ವನಿ ಒಡೆಯದಿದ್ದರೆ ಈಗಿನ ಆಂಪ್ಲಿಫೈಯರ್ ಸಾಕು. ಕೇಬಲ್ ಅಂತೂ 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ವೈರ್ ಆದರೂ, ಐದು ಮೀಟರ್ ದೂರಕ್ಕೆ ಹೋಗಿಬರುವ ಒಟ್ಟು ತಡೆ ಸುಮಾರು 0.12 ಓಮ್, 8 ಓಮ್ ಸ್ಪೀಕರ್ ಎದುರು ಅದು ಲೆಕ್ಕಕ್ಕಿಲ್ಲ. ಮಳೆಗಾಲ ಮುಗಿದ ಮೇಲೆ ಕಪ್ಪಾದ ತುದಿಯನ್ನು ಕತ್ತರಿಸಿ ಮತ್ತೆ ಬಿಗಿಯಿರಿ, ಅಷ್ಟೇ.

ಇಷ್ಟಾದ ಮೇಲೂ ಹಣ ಹಾಕುವ ಮನಸ್ಸಿದ್ದರೆ ಸ್ಪೀಕರ್‌ಗೆ ಹಾಕಿ. 1980ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಸ್ಪೀಕರ್‌ಗಳನ್ನು ಪರದೆಯ ಹಿಂದಿಟ್ಟು ಕೇಳಿಸಿದಾಗ, ಯಾವುದು ಚೆನ್ನ ಎಂಬುದರಲ್ಲಿ ಕೇಳುಗರ ಅಭಿಪ್ರಾಯ ಬಹುಮಟ್ಟಿಗೆ ಒಂದೇ ಆಗಿತ್ತು: ಮಂದ್ರದಿಂದ ತಾರದವರೆಗೆ ಏನನ್ನೂ ಏರಿಸದೆ ಇಳಿಸದೆ ನುಡಿಸುವ ಸ್ಪೀಕರ್. ಅಂಗಡಿಯಲ್ಲಿ ಸ್ಪೀಕರ್‌ನ ಕೋನ್ (ಅದುರಿ ಧ್ವನಿ ಹೊರಡಿಸುವ ಭಾಗ) ಸುತ್ತಲಿನ ಅಂಚನ್ನೂ ನೋಡಿ, ರಬ್ಬರ್ ಇರುವುದನ್ನೇ ಆರಿಸಿ. ಮಲೆನಾಡಿನ ತೇವಕ್ಕೆ ಫೋಮ್ ಅಂಚು ಕೆಲವು ವರ್ಷಗಳಲ್ಲಿ ಬೆರಳು ತಾಗಿಸಿದರೆ ಪುಡಿಯಾಗುತ್ತದೆ.