ಮಗಳ ಮುಖ, ಅಮ್ಮನ ಪಾದ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಂದು ಮನೆಯ ತಾಯಿ-ಮಗಳ ಪ್ರಕರಣ ಇದು. ಗುರುತು ಸಿಗದಂತೆ ವಯಸ್ಸು, ಸಂದರ್ಭಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಮಗಳನ್ನು ಇಲ್ಲಿ ವೀಣಾ ಎನ್ನುತ್ತೇನೆ, ತಾಯಿಯನ್ನು ಲಲಿತಕ್ಕ.

ಫೋನಿನಲ್ಲಿ ಲಲಿತಕ್ಕ ಹೇಳಿದ್ದು ಇಷ್ಟು: "ಹುಡುಗಿ ಕಾಲೇಜಿಗೆ ಹೋಗುವುದಿಲ್ಲ ಮೇಡಂ. ಕೋಣೆ ಬಾಗಿಲು ಹಾಕಿದರೆ ಊಟಕ್ಕೂ ಕರೆಯಬೇಕು. ಅಕ್ಕನ ಮದುವೆ ಹತ್ತಿರ ಬಂತು, ಇವಳು ಮದುವೆಗೇ ಬರುವುದಿಲ್ಲ ಅಂತಾಳೆ." ಯಾರನ್ನಾದರೂ ಪ್ರೀತಿಸುತ್ತಿದ್ದಾಳೋ ಎಂಬ ಅನುಮಾನ ಅವರಿಗೆ. ಕೇಳಿದಾಗ ನನಗೂ ಮೊದಲು ಹೊಳೆದದ್ದು ಅದೇ.

ವೀಣಾಗೆ ಇಪ್ಪತ್ತು, ಡಿಗ್ರಿ ಎರಡನೇ ವರ್ಷ. ಬೇಸಿಗೆಯ ಆ ಸೆಕೆಯಲ್ಲೂ ಶಾಲನ್ನು ಮೂಗಿನ ತನಕ ಸುತ್ತಿಕೊಂಡು ಬಂದಿದ್ದಳು. ಅಮ್ಮನನ್ನು ಹೊರಗೆ ಕೂರಿಸಿದ ಮೇಲೆ, ಸುಮಾರು ಇಪ್ಪತ್ತು ನಿಮಿಷ ಕಳೆದು, ಶಾಲು ಕೆಳಗಿಳಿಯಿತು. ಕೆನ್ನೆಗಳು ಕೆಂಪಾಗಿದ್ದವು, ಸಣ್ಣ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಕಿವಿಯ ಮುಂದೆ ನವಿರಾದ ಕೂದಲು. ಹಣೆಯ ಅಂಚಿನಲ್ಲಿ ಬೇರೆಯೇ ಒಂದು ಬಣ್ಣ.

ಸೋದರಮಾವ ಶಾರ್ಜಾದಿಂದ ರಜೆಗೆ ಬಂದಾಗ ತಂದ ಕ್ರೀಮು. ಖರ್ಜೂರ, ಟ್ಯಾಂಗ್, ಸೆಂಟಿನ ಬಾಟಲಿಗಳ ಜೊತೆ ಒಂದು ಬಿಳಿ ಡಬ್ಬಿ. ಹಚ್ಚಲು ಶುರುಮಾಡಿ ಮೂರು ವಾರಕ್ಕೆ ಮುಖ ಬೆಳ್ಳಗಾಯಿತು. ಬಸ್ಸಿನಲ್ಲಿ ಸಿಕ್ಕ ಹಳೆಯ ಟೀಚರಿಗೆ ಗುರುತೇ ಹತ್ತಲಿಲ್ಲವಂತೆ. ಅದನ್ನು ಹೇಳುವಾಗ ಮಾತ್ರ ಅವಳ ಮುಖದಲ್ಲಿ ನಗು ಬಂತು. ಆಮೇಲೆ ಡಬ್ಬಿ ಖಾಲಿ. ಒಂದೂವರೆ ತಿಂಗಳಿಗೆ ಬಣ್ಣ ಮರಳಿತು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಹೆಂಗಸೊಬ್ಬರು, "ಇದೆಂತ ಮಾರಾಯ್ತಿ, ಪುನಃ ಮೊದಲಿನ ಹಾಗೇ ಆದೆಯಲ್ಲ!" ಎಂದರು. ಮರುದಿನದಿಂದ ಕಾಲೇಜು ನಿಂತಿತು. ಗೆಳತಿಯ ಮೂಲಕ ಇನ್ಯಾವುದೋ ಡಬ್ಬಿ ತರಿಸಿಕೊಂಡು ದಿನಕ್ಕೆರಡು ಸಲ ಹಚ್ಚತೊಡಗಿದ್ದಳು. ಈಗ ಬಿಸಿಲಿಗೆ ಹೋದರೆ ಉರಿ, ಹಚ್ಚದಿದ್ದರೂ ಉರಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಕೃಷ್ಣ ಕಪ್ಪು, ಕಸ್ತೂರಿ ಕಪ್ಪು ಎಂದೆಲ್ಲ ಭಾಷಣ ಹೊಡೆದೆ. ಅವಳು ಗೋಡೆಯ ಕ್ಯಾಲೆಂಡರು ನೋಡುತ್ತ ಕೂತಿದ್ದವಳು, "ನೀವು ಬೆಳ್ಳಗಿದ್ದೀರಿ ಮೇಡಂ, ನಿಮಗೆ ಹೇಳಲಿಕ್ಕೆ ಸುಲಭ" ಎಂದಳು. ಅಷ್ಟಕ್ಕೆ ಭಾಷಣ ನಿಲ್ಲಿಸಿದೆ. ಮುಂದೆಂದೂ ಆ ಮಾತೆತ್ತಲಿಲ್ಲ.

ಕೊನೆಗೆ ಲಲಿತಕ್ಕನನ್ನು ಒಳಗೆ ಕರೆದೆ. ಬಾಗಿಲ ಬಳಿ ಚಪ್ಪಲಿ ಕಳಚಿದಾಗ ಪಾದದ ಮೇಲೆ ಪಟ್ಟಿಯ ಗೆರೆ ಆಳವಾಗಿ ಕೂತಿತ್ತು, ಹಗ್ಗ ಬಿಗಿದು ಬಿಚ್ಚಿದ ಹಾಗೆ. ಮಾತಾಡುತ್ತ ಹತ್ತು ನಿಮಿಷ ಕಳೆದರೂ ಆ ಗೆರೆ ಮಾಸಲಿಲ್ಲ. ಕೇಳಿದರೆ, "ಅಡಕೆ ಸುಲಿಯಲಿಕ್ಕೆ ಕೂತು ಕೂತು ಕಾಲು ಬಾತುಕೊಳ್ತದೆ" ಎಂದರು. ಮೂತ್ರದಲ್ಲಿ ನೊರೆ ಬರುತ್ತದೆಯೇ ಎಂದು ಕೇಳಿದೆ. ಮಗಳ ಮುಖ ನೋಡಿ, ಹೌದು ಎಂದು ತಲೆಯಾಡಿಸಿದರು. "ನೀವೂ ಆ ಕ್ರೀಮು ಹಚ್ಚುತ್ತೀರಾ?"

ಲಲಿತಕ್ಕನ ತಮ್ಮ ಶಾರ್ಜಾದಿಂದ ತಂದದ್ದು ಒಂದಲ್ಲ, ಮೂರು ಡಬ್ಬಿ. ಎರಡನ್ನು ಲಲಿತಕ್ಕ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡಿದ್ದರು. ಐದಾರು ತಿಂಗಳಿಂದ ದಿನಾ ರಾತ್ರಿ ಮುಖಕ್ಕೆ, ಕುತ್ತಿಗೆಗೆ, ಮುಂಗೈಗೆ ಹಚ್ಚುತ್ತಿದ್ದರು.

ವೀಣಾ ಅಮ್ಮನ ಕಡೆ ತಿರುಗಿದಳು. "ನನ್ನದು ಮುಗಿದಾಗ ನಿನ್ನ ಹತ್ತಿರ ಇತ್ತಾ?"

ಅಂದಿನ ಮಾತುಕತೆ ಅಲ್ಲಿಗೇ ಮುಗಿಯಿತು.

ಆಪ್ತಸಲಹೆಗಾರ್ತಿಯಾದ ನಾನು ನೊರೆಯ ಪ್ರಶ್ನೆ ಯಾಕೆ ಕೇಳಿದೆ ಎಂದು ಓದುಗರಿಗೆ ಅನಿಸಬಹುದು. ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ, ಆಸ್ಟರ್ ಮಿಮ್ಸ್ ಆಸ್ಪತ್ರೆಯ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್ ತನಕ ಬಂದ 22 ಮೆಂಬ್ರೇನಸ್ ನೆಫ್ರೋಪತಿ ರೋಗಿಗಳನ್ನು ಪರಿಶೀಲಿಸಿದ್ದರು. ಮೂತ್ರಪಿಂಡದ ಸೋಸುಪೊರೆ ಹಾಳಾಗಿ ಪ್ರೋಟೀನು ಮೂತ್ರಕ್ಕೆ ಸೋರುವ ಕಾಯಿಲೆ ಅದು. ನೊರೆಯೂ ಬಾವೂ ಅದರ ಲಕ್ಷಣಗಳು. 22ರಲ್ಲಿ 15 ಮಂದಿಯದು ನೆಲ್-1 ಎಂಬ ವಿರಳ ಬಗೆ. ಆ 15ರಲ್ಲಿ 13 ಮಂದಿ ಬಿಳಿಯಾಗಿಸುವ ಕ್ರೀಮು ಹಚ್ಚುತ್ತಿದ್ದವರು. ಕಾರಣ ಪಾದರಸ. ಚರ್ಮದ ಮೂಲಕ ಒಳಗಿಳಿದು ರಕ್ತ ಸೇರುತ್ತದೆ. ಕ್ರೀಮು ನಿಲ್ಲಿಸಿದ ಮೇಲೆ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು ಎನ್ನುವುದೂ ಆ ವರದಿಯಲ್ಲಿತ್ತು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂದು ಅಂಗಡಿ ತಪಾಸಣೆ ಶುರುಮಾಡಿತು. ಆದರೆ ಗಲ್ಫಿನಿಂದ ಬರುವ ಪೆಟ್ಟಿಗೆಯನ್ನು ಯಾವ ಇಲಾಖೆ ಬಿಚ್ಚಿ ನೋಡೀತು?

ರೋಗ ಪತ್ತೆ ಮಾಡುವುದು ನನ್ನ ಕೆಲಸ ಅಲ್ಲ. ಒಂದು ಚೀಟಿ ಬರೆದುಕೊಟ್ಟೆ: ಇಬ್ಬರೂ ಇದೇ ವಾರ ಮೂತ್ರದ ಪ್ರೋಟೀನು, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಚರ್ಮದ ವೈದ್ಯರನ್ನು ನೋಡಿ, ಡಬ್ಬಿಗಳನ್ನು ಜೊತೆಗೆ ಒಯ್ಯಿರಿ. ವೀಣಾ ತನ್ನಷ್ಟಕ್ಕೆ ಒಮ್ಮೆಲೇ ನಿಲ್ಲಿಸದೆ ವೈದ್ಯರು ಹೇಳಿದಂತೆ ನಿಲ್ಲಿಸಬೇಕೆಂದೂ ಬರೆದೆ. ಕೆನ್ನೆ ನೋಡಿದರೆ ಎರಡನೇ ಡಬ್ಬಿಯಲ್ಲಿ ಸ್ಟೀರಾಯ್ಡ್ ಇರುವ ಹಾಗಿತ್ತು. ಅದನ್ನು ಹಠಾತ್ತಾಗಿ ಬಿಟ್ಟರೆ ಮುಖ ಭುಗಿಲೆದ್ದ ಹಾಗೆ ಕೆಂಪಾಗುತ್ತದೆ, ಹೆದರಿದವರು ಮತ್ತೆ ಅದೇ ಡಬ್ಬಿಗೆ ಕೈಹಾಕುತ್ತಾರೆ. ವೈದ್ಯರು ಅದನ್ನೇ ಖಚಿತಪಡಿಸಿ ಹಂತಹಂತವಾಗಿ ಬಿಡಿಸಿದರು.

ವೀಣಾಳ ಮೂತ್ರದಲ್ಲಿ ತೊಂದರೆ ಕಾಣಲಿಲ್ಲ. ಲಲಿತಕ್ಕನಿಗೆ ಪ್ರೋಟೀನು ವಿಪರೀತ ಹೋಗುತ್ತಿತ್ತು. ಮಂಗಳೂರಿನಲ್ಲಿ ಬಯಾಪ್ಸಿ ಆಯಿತು, ಅದೇ ನೆಲ್-1. ಕೆಲವು ಕ್ಯಾನ್ಸರುಗಳಲ್ಲೂ, ಪಾದರಸ ಬೆರೆತ ನಾಟಿ ಮದ್ದುಗಳಿಂದಲೂ ಇದು ಬರುವುದುಂಟು. ಹಾಗಾಗಿ ವೈದ್ಯರು ಬೇರೆ ತಪಾಸಣೆಗಳನ್ನೂ ಮಾಡಿಸಿದರು. ಅವರಿಗೆ ಅಂಥದ್ದೇನೂ ಸಿಗಲಿಲ್ಲ.

ಎರಡನೇ ಭೇಟಿಗೆ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಲು ಹೇಳಿದ್ದೆ. ಒಂದು ಬದಿ ಅರಬಿ, ಇನ್ನೊಂದು ಬದಿ ಇಂಗ್ಲಿಷು, ನಡುವೆ ಗುಲಾಬಿ ಹೂವು. ತಯಾರಿಸಿದವರ ವಿಳಾಸ ಇಲ್ಲ, ಬ್ಯಾಚ್ ನಂಬರು ಇಲ್ಲ, ಏನು ಬೆರೆಸಿದ್ದಾರೆಂಬ ಪಟ್ಟಿಯಂತೂ ಇಲ್ಲವೇ ಇಲ್ಲ. ನಮ್ಮ ಕಾನೂನಿನ ಪ್ರಕಾರ ಇಂಥ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ತಾನಾಗಿ ಸೇರಿದರೂ ಹತ್ತು ಲಕ್ಷಕ್ಕೆ ಒಂದು ಪಾಲು ಮೀರಬಾರದು. ವೀಣಾ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮ್ಯಾಗಿ ಪೊಟ್ಟಣದಲ್ಲೂ ಇದಕ್ಕಿಂತ ಹೆಚ್ಚು ಬರೆದಿರ್ತಾರೆ."

ಆ ದಿನ ಅವಳಿಗೆ ಬೇಕಾಗಿದ್ದದ್ದು ಸಮಾಧಾನಕ್ಕಿಂತ ವಿವರಣೆ. ಬಿಟ್ಟ ಮೇಲೆ ಬಣ್ಣ ಯಾಕೆ ಬಂತು? ನನಗೆ ಗೊತ್ತಿದ್ದಷ್ಟು ಹೇಳಿದೆ. ಕಪ್ಪಗಿರಲಿ ಬೆಳ್ಳಗಿರಲಿ, ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳ ಸಂಖ್ಯೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಅಂಥ ಒಂದು ಕೋಶ ಸುತ್ತಲಿನ ಸುಮಾರು 36 ಚರ್ಮಕೋಶಗಳಿಗೆ ಮೆಲನಿನ್ ಹಂಚುತ್ತದೆ. ವ್ಯತ್ಯಾಸ ಇರುವುದು ಆ ಬಣ್ಣದ ಕಣಗಳ ಗಾತ್ರದಲ್ಲಿ, ಹಂಚಿಕೆಯಲ್ಲಿ. ಬಣ್ಣ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು, ಅದಕ್ಕೆ ತಾಮ್ರ ಬೇಕು. ಪಾದರಸ ಆ ತಾಮ್ರದ ಜಾಗದಲ್ಲಿ ಕೂತು ಕೆಲಸ ನಿಲ್ಲಿಸುತ್ತದೆ. ಹಳೆಯ ಮೇಲ್ಪದರ ಉದುರಿ ಹೊಸದು ಬರಲು ತಿಂಗಳು, ಒಂದೂವರೆ ತಿಂಗಳು ಹಿಡಿಯುತ್ತದಲ್ಲ, ಹಾಗಾಗಿ ಬೆಳ್ಳಗಾಗಲೂ ವಾರಗಳು ಬೇಕು, ಮರಳಲೂ ವಾರಗಳು ಬೇಕು. ಮೆಲನಿನ್ ಕಡಿಮೆಯಾದ ಚರ್ಮಕ್ಕೆ ಬಿಸಿಲು ಹೆಚ್ಚು ತಾಗುತ್ತದೆ.

"ಅಂದ್ರೆ ಮಿಲ್ಲಿನ ಫ್ಯೂಸ್ ತೆಗೆದ ಹಾಗೆ. ಮಿಲ್ಲು ಹಾಳಾಗಲಿಲ್ಲ," ಎಂದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಮುಂದಿನ ಎರಡು ತಿಂಗಳಿಗೆ ನಾನು ಕೊಟ್ಟ ಸಲಹೆಗಳು ಸಣ್ಣ ಸಣ್ಣವು. ಬಣ್ಣ ಮರಳುವ ವಾರಗಳು ಕಷ್ಟದವು ಎಂದು ಮೊದಲೇ ಲೆಕ್ಕ ಹಿಡಿದಿದ್ದೆವು. ಆ ದಿನಗಳಲ್ಲಿ ಕನ್ನಡಿ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮಾತ್ರ. ಫೋನಿನ ಬ್ಯೂಟಿ ಫಿಲ್ಟರ್ ಬಂದ್, ಯಾಕೆಂದರೆ ಅವಳು ತನ್ನ ಮುಖವನ್ನು ಹೋಲಿಸುತ್ತಿದ್ದದ್ದು ಬೇರೆಯವರ ಮುಖಕ್ಕಲ್ಲ, ಫಿಲ್ಟರಿನೊಳಗಿನ ತನ್ನದೇ ಮುಖಕ್ಕೆ. ಕಾಲೇಜಿಗೆ ಮೊದಲ ವಾರ ಮೂರೇ ದಿನ, ಗೆಳತಿಯ ಜೊತೆ. ಯಾರಾದರೂ ಬಣ್ಣದ ಮಾತೆತ್ತಿದರೆ ಹೇಳಲು ಒಂದು ವಾಕ್ಯ ಅವಳೇ ಆರಿಸಿಕೊಂಡಳು: "ಹೌದು, ಮದ್ದು ಬಿಟ್ಟೆ." ಅದರ ಮುಂದೆ ವಿವರಣೆ ಬೇಡ. ಮನೆಗೆ: ತಲೆದಿಂಬಿನ ಕವರು, ಟವೆಲು ಬೇರೆಬೇರೆ ಮಾಡಿ, ಹಳೆಯವನ್ನು ಬಿಸಾಡಿ. ಹಚ್ಚಿದವರಿಂದ ಪಾದರಸ ಮನೆಯ ಬೇರೆಯವರಿಗೂ, ಮುಖ್ಯವಾಗಿ ಮಕ್ಕಳಿಗೂ, ತಾಗುವುದುಂಟು. ಡಬ್ಬಿಯನ್ನು ತೋಟಕ್ಕೆ ಎಸೆಯಬೇಡಿ, ಒಲೆಗಂತೂ ಹಾಕಲೇಬೇಡಿ, ಆವಿಯಾಗಿ ಉಸಿರಿಗೆ ಹೋಗುತ್ತದೆ. ಔಷಧ ನಿಯಂತ್ರಣ ಇಲಾಖೆಗೆ ಒಪ್ಪಿಸಿ.

ಹೆಚ್ಚು ಹೊತ್ತು ಹಿಡಿದದ್ದು ತಾಯಿ-ಮಗಳ ನಡುವಿನ ಮಾತು. ಮಗಳ ಸಿಟ್ಟು ಬಚ್ಚಿಟ್ಟದ್ದಕ್ಕೆ. ತಾಯಿಯ ನಾಚಿಕೆ ನಲವತ್ತೆಂಟರಲ್ಲೂ ಬೆಳ್ಳಗಾಗುವ ಆಸೆ ಹೊರಬಿದ್ದದ್ದಕ್ಕೆ. ಮೂರನೇ ಭೇಟಿಯಲ್ಲಿ ಲಲಿತಕ್ಕ ತಮ್ಮ ಮದುವೆಯ ಕತೆ ಹೇಳಿದರು: ಹುಡುಗಿ ನೋಡಲು ಬಂದವರ ಎದುರು ತನ್ನ ಬದಲು ಬೆಳ್ಳಗಿನ ತಂಗಿಯ ಕೈಯಲ್ಲಿ ಕಾಫಿ ಕಳಿಸಿದ್ದರಂತೆ. ವೀಣಾ ಅದನ್ನು ಮೊದಲ ಸಲ ಕೇಳಿದಳು. ನಾನು ಏನೂ ಸೇರಿಸಲಿಲ್ಲ.

ತಮ್ಮನಿಗೆ ಹೇಗೆ ಹೇಳುವುದೆಂಬುದು ಇನ್ನೊಂದು ಗೋಳು. "ಪ್ರೀತಿಯಿಂದ ತಂದವ, ನೊಂದುಕೊಳ್ತಾನೆ." ಕೊನೆಗೆ ನನ್ನ ಎದುರೇ ವಾಟ್ಸಾಪಿನಲ್ಲಿ ವಾಯ್ಸ್ ಕಳಿಸಿದರು: "ಇನ್ನು ಬರುವಾಗ ಕ್ರೀಮು ತರಬೇಡ, ಖರ್ಜೂರ ಸಾಕು."

ಆರು ತಿಂಗಳಾಯಿತು. ಲಲಿತಕ್ಕನ ಪ್ರೋಟೀನು ಇಳಿಯುತ್ತ ಬಂದಿದೆ, ಇನ್ನೂ ಪೂರ್ತಿ ನಿಂತಿಲ್ಲ. ಮೊನ್ನೆ ಬಂದಾಗ ಅಭ್ಯಾಸಬಲದಿಂದ ಪಾದ ನೋಡಿದೆ. ಚಪ್ಪಲಿಯ ಗೆರೆ ಇತ್ತು, ತೆಳ್ಳಗೆ. ವೀಣಾ ಅಕ್ಕನ ಮದುವೆಗೆ ಹೋದಳು. ಮೊದಲ ದಿನ ಶಾಲು ಸುತ್ತಿದ್ದಳಂತೆ, ಎರಡನೇ ದಿನ ಇಲ್ಲ. ಈಗ ಅವಳ ಜಾತಕ ಹೊರಗೆ ಕೊಡುವ ಮಾತು ನಡೆದಿದೆ. ಬಯೋಡಾಟಾದಲ್ಲಿ ಬಣ್ಣ ಎಂಬಲ್ಲಿ 'ಗೋಧಿ ಬಣ್ಣ' ಎಂದು ಬರೆಯಬೇಕೆಂದು ಅಮ್ಮ, ಆ ಸಾಲನ್ನೇ ತೆಗೆಯಬೇಕೆಂದು ಮಗಳು. ನನ್ನ ಮುಂದೆಯೇ ಜಗಳ ಆಡಿದರು, ತೀರ್ಮಾನ ಆಗಲಿಲ್ಲ. ಮುಂದಿನ ತಿಂಗಳು ಪುನಃ ಬರುತ್ತಾರೆ.